ಕ್ಲಚ್ ಪೆಡಲ್‌ ಸ್ಪ್ರಿಂಗ್ ಮುರಿದಿದೆ, ಕೇಬಲ್ ಬಿಗಿ ಮಾಡಿದರೆ ಸಾಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಹನ್ನೊಂದು ವರ್ಷ ಹಳೆಯ ಚಿಕ್ಕ ಪೆಟ್ರೋಲ್ ಕಾರಿದೆ, ಕೇಬಲ್ ಕ್ಲಚ್. ಹೋದ ತಿಂಗಳು ಗೇರ್ ಹಾಕುವಾಗ ಕಾಲ ಬುಡದಲ್ಲಿ ‘ಟಣ್’ ಎಂದು ಸದ್ದಾಯಿತು. ಅವತ್ತಿನಿಂದ ಕ್ಲಚ್ ಪೆಡಲ್ ಪೂರ್ತಿ ಮೇಲೆ ಬರುತ್ತಿರಲಿಲ್ಲ. ಬ್ರೇಕ್ ಪೆಡಲ್‌ಗಿಂತ ಸುಮಾರು ಒಂದಿಂಚು ಕೆಳಗೆ ಜೋಲುತ್ತಿತ್ತು. ಕಾಲ್ಬೆರಳಿನಿಂದ ಎತ್ತಿದರೆ ಮೇಲೆ ಬರುತ್ತಿತ್ತು, ಬಿಟ್ಟರೆ ಮತ್ತೆ ಕೆಳಗೆ. ಮ್ಯಾಟ್ ಮೇಲೆ ಸ್ಪ್ರಿಂಗ್‌ನ ಕೊಕ್ಕೆ ಮುರಿದು ಬಿದ್ದಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರು ನೋಡಿ, ‘ಈ ಸ್ಪ್ರಿಂಗ್ ಇಲ್ಲದಿದ್ದರೂ ನಡೆಯುತ್ತೆ’ ಎಂದು ಕೇಬಲ್ ಬಿಗಿ ಮಾಡಿಕೊಟ್ಟರು. ಪೆಡಲ್ ಈಗ ಮೇಲೇ ನಿಲ್ಲುತ್ತದೆ. ಆದರೆ ಏರಿನಲ್ಲಿ ಎಂಜಿನ್ ಸದ್ದು ಜಾಸ್ತಿ, ಕಾರು ಅಷ್ಟು ಎಳೆಯುವುದಿಲ್ಲ ಅನಿಸುತ್ತಿದೆ. ಇನ್ನೊಂದು ಗ್ಯಾರೇಜಿನಲ್ಲಿ ಕೇಳಿದರೆ ‘ಕ್ಲಚ್ ಪ್ಲೇಟ್ ಹೋಗಿದೆ, ಪೂರ್ತಿ ಸೆಟ್ ಹಾಕಿಸಿ’ ಎನ್ನುತ್ತಾರೆ. ಅಕ್ಕನ ಮಗ ‘ಬೈಕಿನ ಸ್ಟ್ಯಾಂಡ್ ಸ್ಪ್ರಿಂಗ್ ಹಾಕಿದರೆ ಮುಗೀತು ಮಾವ’ ಎನ್ನುತ್ತಾನೆ. ಅಮ್ಮನನ್ನು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ತಪಾಸಣೆಗೆ ಕರೆದುಕೊಂಡು ಹೋಗಬೇಕು. ಮುಂದಿನ ವಾರ ಹೋಗುವುದಿದೆ. ಮಗಳೂ ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಮ್ಯಾಟ್ ಮೇಲೆ ಸಿಕ್ಕಿದ್ದು ಕೊಕ್ಕೆಯ ತುಂಡು ಎಂದು ಬರೆದಿದ್ದೀರಿ. ಹಾಗಾದರೆ ಸ್ಪ್ರಿಂಗ್‌ನ ಉಳಿದ ಭಾಗ ಎಲ್ಲಿದೆ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಬಹುಶಃ ಅದು ಇನ್ನೂ ಡ್ಯಾಶ್‌ಬೋರ್ಡ್ ಕೆಳಗೆ, ಪೆಡಲ್ ಬ್ರಾಕೆಟ್‌ಗೆ ನೇತಾಡುತ್ತಿದೆ. ಒಂದು ದೊಡ್ಡ ಗುಂಡಿ ಹಾರಿದರೆ ಅದು ಕಳಚಿ ಬೀಳಬಹುದು. ಬಿದ್ದು ಮ್ಯಾಟ್ ಮೇಲೆ ಬಂದರೆ ಪುಣ್ಯ. ಬ್ರೇಕ್ ಪೆಡಲ್ ಹಿಂದೆಯೋ ಆಕ್ಸಿಲರೇಟರ್ ಸಂದಿಯಲ್ಲೋ ಸಿಕ್ಕಿಹಾಕಿಕೊಂಡರೆ ಬ್ರೇಕ್ ಪೂರ್ತಿ ಒತ್ತಲಾಗದು, ಇಲ್ಲವೇ ಆಕ್ಸಿಲರೇಟರ್ ವಾಪಸ್ ಬಾರದು. ಈ ಇಡೀ ವಿಷಯದಲ್ಲಿ ನಿಜವಾಗಿ ಜೀವಕ್ಕೆ ಅಪಾಯ ತರುವುದು ಇದು. ಎಂಜಿನ್ ಆಫ್ ಮಾಡಿ, ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಮ್ಯಾಟ್ ತೆಗೆದು, ಟಾರ್ಚ್ ಹಾಕಿ ಪೆಡಲ್‌ಗಳ ಮೇಲ್ಭಾಗ ನೋಡಿ. ನೇತಾಡುವ ತುಂಡು ಕಂಡರೆ ಪ್ಲೈಯರ್‌ನಿಂದ ಹಿಡಿದು ತೆಗೆಯಿರಿ. ಮುರಿದ ತುದಿ ಚೂಪಾಗಿರುತ್ತದೆ, ಬರಿಗೈ ಹಾಕಬೇಡಿ. ಎರಡೂ ತುಂಡುಗಳನ್ನು ಒಂದು ಕವರ್‌ನಲ್ಲಿ ಎತ್ತಿಡಿ, ಹೊಸದನ್ನು ತರುವಾಗ ಬೇಕಾಗುತ್ತದೆ.

ಅದು ಆಯಿತು ಎಂದುಕೊಂಡು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮಗೆ ಮೂರು ಜನ ಮೂರು ಸಲಹೆ ಕೊಟ್ಟಿದ್ದಾರೆ. ಒಬ್ಬರು ಸ್ಪ್ರಿಂಗ್ ಬೇಡ ಎಂದರು, ಒಬ್ಬರು ಎಲ್ಲವೂ ಹೊಸದು ಬೇಕು ಎಂದರು, ಹುಡುಗ ಯಾವುದಾದರೂ ಸ್ಪ್ರಿಂಗ್ ಸಾಕು ಎಂದ. ನನ್ನ ಪ್ರಕಾರ ಮೂರೂ ಸರಿಯಲ್ಲ. ಆದರೆ ಅವುಗಳಲ್ಲಿ ನಿಮ್ಮ ಕಾರಿಗೆ ಈಗಾಗಲೇ ಹಾನಿ ಮಾಡುತ್ತಿರುವುದು ಮೊದಲನೆಯದು. ಸ್ಪ್ರಿಂಗ್ ಮುರಿದದ್ದರಿಂದ ನಿಮ್ಮ ಕ್ಲಚ್‌ಗೆ ಆದ ತೊಂದರೆ ತೀರಾ ಕಡಿಮೆ. ಕೇಬಲ್ ಬಿಗಿ ಮಾಡಿದ್ದೇ ದೊಡ್ಡ ತೊಂದರೆ.

ಯಾಕೆ ಅಂತ ತಿಳಿಯಬೇಕಾದರೆ ಪೆಡಲ್‌ನಿಂದ ಗೇರ್ ಬಾಕ್ಸ್‌ವರೆಗೆ ಏನಾಗುತ್ತದೆ ನೋಡಬೇಕು. ನೀವು ಪೆಡಲ್ ಒತ್ತಿದಾಗ ಅದರ ಮೇಲ್ತುದಿಗೆ ಸಿಕ್ಕಿಸಿರುವ ಉಕ್ಕಿನ ಕೇಬಲ್ ಎಳೆಯಲ್ಪಡುತ್ತದೆ. ಕೇಬಲ್‌ನ ಇನ್ನೊಂದು ತುದಿ ಗೇರ್ ಬಾಕ್ಸ್ ಮೇಲಿನ ಒಂದು ಲಿವರ್ ಅನ್ನು ತಿರುಗಿಸುತ್ತದೆ. ಆ ಲಿವರ್ ಒಳಗಿನ ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಎಂಜಿನ್ ಶಕ್ತಿಯನ್ನು ಗೇರ್ ಬಾಕ್ಸ್‌ಗೆ ದಾಟಿಸುವ ತಟ್ಟೆಯೇ ಕ್ಲಚ್ ಪ್ಲೇಟ್, ಅದನ್ನು ಅದುಮಿ ಹಿಡಿಯುವುದು ಪ್ರೆಶರ್ ಪ್ಲೇಟ್. ಬೇರಿಂಗ್ ಹೋಗಿ ಪ್ರೆಶರ್ ಪ್ಲೇಟ್‌ನ ನಡುವೆ ಇರುವ ಉಕ್ಕಿನ ಬೆರಳುಗಳನ್ನು ಒತ್ತುತ್ತದೆ. ಆಗ ಪ್ರೆಶರ್ ಪ್ಲೇಟ್‌ನ ಹಿಡಿತ ಸಡಿಲವಾಗಿ ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಎಂಜಿನ್ ತಿರುಗುತ್ತಿದ್ದರೂ ಅದರ ಶಕ್ತಿ ಚಕ್ರಕ್ಕೆ ಹೋಗುವುದಿಲ್ಲ, ನೀವು ಗೇರ್ ಬದಲಿಸಬಹುದು.

ಪೆಡಲ್‌ನಿಂದ ಕಾಲು ತೆಗೆದಾಗ ಅದನ್ನು ವಾಪಸ್ ತಳ್ಳುವುದು ಯಾರು? ತುಂಬಾ ಜನ ಪೆಡಲ್ ಸ್ಪ್ರಿಂಗ್ ಎಂದುಕೊಂಡಿದ್ದಾರೆ. ಅಲ್ಲ. ಮುಕ್ಕಾಲು ಪಾಲು ಕೆಲಸ ಪ್ರೆಶರ್ ಪ್ಲೇಟ್‌ನ ಆ ಉಕ್ಕಿನ ಬೆರಳುಗಳದ್ದೇ. ಅದೊಂದು ದೊಡ್ಡ, ಗಟ್ಟಿ, ತಟ್ಟೆಯಾಕಾರದ ಸ್ಪ್ರಿಂಗ್. ನೀವು ಕಾಲಿನಲ್ಲಿ ಅನುಭವಿಸುವ ಭಾರ ಅದರದ್ದು. ಅದು ಬೇರಿಂಗನ್ನು ಹಿಂದಕ್ಕೆ ತಳ್ಳುತ್ತದೆ, ಲಿವರ್ ತಿರುಗುತ್ತದೆ, ಕೇಬಲ್ ವಾಪಸ್ ಹೋಗುತ್ತದೆ, ಪೆಡಲ್ ಮೇಲೆ ಬರುತ್ತದೆ. ಆದರೆ ಪೂರ್ತಿ ಮೇಲೆ ಅಲ್ಲ. ಕೊನೆಯ ಅರ್ಧ ಇಂಚು, ಒಂದು ಇಂಚು ಬಾಕಿ ಉಳಿಯುತ್ತದೆ. ಆ ಕೊನೆಯ ದೂರಕ್ಕೆ ಪೆಡಲನ್ನು ಎಳೆದು ಮೇಲೆ ಹಿಡಿದಿಡುವುದೇ ನಿಮ್ಮ ಕಾರಿನಲ್ಲಿ ಮುರಿದ ಸ್ಪ್ರಿಂಗ್‌ನ ಕೆಲಸ. ಕೆಲವು ಕಾರುಗಳಲ್ಲಿ ಇದರ ಜೊತೆಗೆ ಗೇರ್ ಬಾಕ್ಸ್ ಬಳಿ ಲಿವರ್‌ಗೂ ಒಂದು ಚಿಕ್ಕ ಸ್ಪ್ರಿಂಗ್ ಇರುತ್ತದೆ.

ಆ ಕೊನೆಯ ದೂರಕ್ಕೆ ಗ್ಯಾರೇಜ್ ಭಾಷೆಯಲ್ಲಿ ಫ್ರೀ ಪ್ಲೇ ಎನ್ನುತ್ತೇವೆ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಮೊದಲು ಸ್ವಲ್ಪ ದೂರ ಸಲೀಸಾಗಿ ಹೋಗುತ್ತದೆ, ಆಮೇಲೆ ಭಾರ ಸಿಗುತ್ತದೆ, ಅಲ್ವಾ? ಆ ಸಲೀಸಾದ ದೂರವೇ ಫ್ರೀ ಪ್ಲೇ. ಕೇಬಲ್ ಕ್ಲಚ್ ಇರುವ ಚಿಕ್ಕ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಅರ್ಧ ಇಂಚಿನಿಂದ ಒಂದು ಇಂಚಿನೊಳಗೆ ಇರಬೇಕು. ಸರಿಯಾದ ಅಳತೆ ನಿಮ್ಮ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಇದು ಸುಮ್ನೆ ಬಿಟ್ಟ ಸಡಿಲವಲ್ಲ. ಕಾಲು ತೆಗೆದಾಗ ರಿಲೀಸ್ ಬೇರಿಂಗ್ ಆ ಬೆರಳುಗಳಿಂದ ದೂರ ಸರಿದು ವಿಶ್ರಾಂತಿಯಲ್ಲಿರಲಿ, ಪ್ರೆಶರ್ ಪ್ಲೇಟ್ ತನ್ನ ಪೂರ್ತಿ ಬಲದಿಂದ ಕ್ಲಚ್ ಪ್ಲೇಟನ್ನು ಹಿಡಿಯಲಿ ಎಂದು ಬೇಕೆಂದೇ ಇಟ್ಟ ಅಂತರ.

ಈಗ ನಿಮ್ಮ ಕಾರಿಗೆ ಬನ್ನಿ. ಸ್ಪ್ರಿಂಗ್ ಮುರಿಯಿತು. ಪೆಡಲ್ ತನ್ನದೇ ತೂಕಕ್ಕೆ ಒಂದಿಂಚು ಜೋತುಬಿತ್ತು. ಅಂದರೆ ಫ್ರೀ ಪ್ಲೇ ಎಷ್ಟಿತ್ತೋ ಅಷ್ಟು ಜೋತುಬಿತ್ತು, ಅಷ್ಟೇ. ನೀವು ಬರೆದ ಒಂದಿಂಚು ಎಂಬ ಅಳತೆಯೇ ಹೇಳುತ್ತದೆ, ಆಗ ನಿಮ್ಮ ಕ್ಲಚ್ ಹೊಂದಾಣಿಕೆ ಸರಿಯಾಗಿಯೇ ಇತ್ತು. ಪೆಡಲ್‌ನ ತೂಕ ಕೇಬಲ್ ಮೇಲೆ ಬಿದ್ದು ಬೇರಿಂಗ್ ಬೆರಳುಗಳಿಗೆ ಹಗುರಾಗಿ ತಾಗುತ್ತಾ ಇದ್ದಿರಬಹುದು. ಹಾಗೆ ತಿಂಗಳುಗಟ್ಟಲೆ ಓಡಿಸಿದರೆ ಬೇರಿಂಗ್ ಬೇಗ ಸವೆಯುತ್ತದೆ. ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ.

ನಿಮ್ಮ ಮೆಕ್ಯಾನಿಕ್ ಏನು ಮಾಡಿದರು? ಕೇಬಲ್ ತುದಿಯ ನಟ್ ತಿರುಗಿಸಿ ಆ ಒಂದಿಂಚು ಸಡಿಲವನ್ನು ಎಳೆದುಬಿಟ್ಟರು. ಕೇಬಲ್ ಬಿಗಿಯಾದ ಕೂಡಲೇ ಪೆಡಲ್ ಮೇಲೆ ಬಂತು, ನೋಡುವುದಕ್ಕೆ ಎಲ್ಲ ಸರಿಯಾಯಿತು. ಆದರೆ ಈಗ ನೀವು ಕಾಲು ಇಡದಿದ್ದರೂ ಕ್ಲಚ್ ಸ್ವಲ್ಪ ಒತ್ತಿದ ಹಾಗೇ ಇರುತ್ತದೆ. ಪ್ರೆಶರ್ ಪ್ಲೇಟ್‌ಗೆ ಪೂರ್ತಿ ಹಿಡಿತ ಸಿಗುತ್ತಿಲ್ಲ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಏರಿನಲ್ಲಿ ಎಂಜಿನ್ ಜೋರಾಗಿ ತಿರುಗಿದಾಗ ಕ್ಲಚ್ ಪ್ಲೇಟ್ ಜಾರುತ್ತದೆ. ಸದ್ದು ಜಾಸ್ತಿ, ಎಳೆತ ಕಡಿಮೆ. ನೀವು ಬರೆದದ್ದು ಅದೇ. ಜಾರಿದಾಗಲೆಲ್ಲ ಪ್ಲೇಟ್ ಬಿಸಿಯಾಗುತ್ತದೆ, ಸವೆಯುತ್ತದೆ. ಕೇಬಲ್ ಕ್ಲಚ್‌ನಲ್ಲಿ ಪ್ಲೇಟ್ ಸವೆದಷ್ಟೂ ಆ ಬೆರಳುಗಳು ಬೇರಿಂಗ್ ಕಡೆಗೆ ಇನ್ನಷ್ಟು ಬರುತ್ತವೆ. ಫ್ರೀ ಪ್ಲೇ ಮೊದಲೇ ಇಲ್ಲ, ಹಾಗಾಗಿ ಒತ್ತಡ ಇನ್ನೂ ಹೆಚ್ಚುತ್ತದೆ, ಇನ್ನೂ ಜಾರುತ್ತದೆ. ಹೀಗೇ ಬಿಟ್ಟರೆ ಎರಡನೆಯ ಗ್ಯಾರೇಜಿನವರು ಹೇಳಿದ ಮಾತು ಕೆಲವೇ ವಾರದಲ್ಲಿ ನಿಜವಾಗುತ್ತದೆ. ಚಿಕ್ಕ ಸ್ಪ್ರಿಂಗ್ ಮುರಿದದ್ದಕ್ಕೆ ಕೊನೆಗೆ ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ. ಇಂಥ ಕಾರುಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಪ್ರತಿ ಸಲವೂ ಬೇಜಾರಾಗುತ್ತದೆ, ಏಕೆಂದರೆ ತಪ್ಪಿಸಬಹುದಾದ ಖರ್ಚು ಅದು.

ಆದ್ದರಿಂದ ನಾಳೆಯೇ ಯಾರಾದರೂ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ ಕೇಬಲನ್ನು ಮೊದಲಿನ ಹಾಗೆ ಸಡಿಲ ಮಾಡಿಸಿ. ಸ್ಪ್ರಿಂಗ್ ಸಿಗುವುದು ನಾಲ್ಕು ದಿನ ತಡವಾದರೂ ಪರವಾಗಿಲ್ಲ, ಇದು ತಡವಾಗಬಾರದು. ಪೆಡಲ್ ಮತ್ತೆ ಜೋಲುತ್ತದೆ, ಜೋಲಲಿ.

ಕ್ಲಚ್ ಪ್ಲೇಟ್ ನಿಜವಾಗಿಯೂ ಹೋಗಿದೆಯಾ ಎಂಬುದನ್ನು ಕೇಬಲ್ ಸಡಿಲ ಮಾಡಿದ ಮೇಲೆ ಮಾತ್ರ ಹೇಳಬಹುದು. ಬಿಗಿ ಕೇಬಲ್ ಇಟ್ಟುಕೊಂಡು ಓಡಿಸಿ ನೋಡಿ ‘ಪ್ಲೇಟ್ ಹೋಗಿದೆ’ ಎನ್ನುವುದು ನ್ಯಾಯವಲ್ಲ. ಎಂಜಿನ್ ತಣ್ಣಗಾದ ಮೇಲೆ ಹೊಂದಾಣಿಕೆ ಸರಿ ಮಾಡಿಸಿ, ಒಂದು ದಿನ ಸಾಧಾರಣವಾಗಿ ಓಡಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ, ನಾಲ್ಕನೆಯ ಗೇರ್‌ನಲ್ಲಿ ಗಂಟೆಗೆ 40 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಚೆನ್ನಾಗಿ ಒತ್ತಿ. ಎಂಜಿನ್ ಸದ್ದು ಮತ್ತು ಕಾರಿನ ವೇಗ ಎರಡೂ ಒಟ್ಟಿಗೆ ನಿಧಾನವಾಗಿ ಏರಬೇಕು. ಎಂಜಿನ್ ಮಾತ್ರ ಒಮ್ಮೆಲೇ ಕಿರುಚಿ, ವೇಗ ಅಲ್ಲೇ ನಿಂತರೆ ಪ್ಲೇಟ್ ಜಾರುತ್ತಿದೆ ಎಂದರ್ಥ. ಸುಟ್ಟ ವಾಸನೆ ಬಂದರೂ ಅದೇ ಅರ್ಥ. ಆಗ ಕ್ಲಚ್ ಸೆಟ್ ಬದಲಿಸಲೇಬೇಕು, ಬೇರೆ ದಾರಿ ಇಲ್ಲ. ಜಾರದಿದ್ದರೆ ನಿಮ್ಮ ಪ್ಲೇಟ್ ಬದುಕಿಕೊಂಡಿದೆ. ನೀವು ಹೀಗೆ ಓಡಿಸಿದ್ದು ಕೆಲವೇ ವಾರ, ಹಾಗಾಗಿ ಬದುಕಿಕೊಂಡಿರುವ ಸಾಧ್ಯತೆಯೇ ಜಾಸ್ತಿ ಎಂದು ನನಗನಿಸುತ್ತದೆ.

ಹ್ಯಾಂಡ್ ಬ್ರೇಕ್ ಎಳೆದು ಮೇಲಿನ ಗೇರ್‌ನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೋ ಇಲ್ಲವೋ ನೋಡುವ ಪರೀಕ್ಷೆಯೊಂದಿದೆ. ಅದನ್ನು ಪದೇ ಪದೇ ಮಾಡಲು ಬಿಡಬೇಡಿ. ಸವೆದ ಪ್ಲೇಟ್ ಅದರಲ್ಲೇ ಸುಟ್ಟುಹೋಗುತ್ತದೆ.

ಇನ್ನೊಂದು ವಿಷಯವನ್ನು ನಿಮ್ಮ ಕಿವಿಯಿಂದಲೇ ಪರೀಕ್ಷಿಸಬಹುದು. ಕೇಬಲ್ ಸಡಿಲ ಮಾಡಿಸಿದ ಮೇಲೆ, ಕಾರು ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಎಂಜಿನ್ ಚಾಲೂ ಮಾಡಿ. ಪೆಡಲ್ ಜೋತುಬಿದ್ದಿರುವಾಗ ‘ಸರ್ರ್’ ಎಂಬ ಸಣ್ಣ ಸದ್ದಿದ್ದು, ಕಾಲ್ಬೆರಳಿನಿಂದ ಪೆಡಲ್ ಎತ್ತಿದ ಕೂಡಲೇ ಅದು ನಿಂತರೆ, ಬೇರಿಂಗ್ ತಾಗುತ್ತಿದೆ ಅಷ್ಟೇ, ಹೊಸ ಸ್ಪ್ರಿಂಗ್ ಬಂದರೆ ಸರಿಹೋಗುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಜೋರು ಸದ್ದು ಬಂದರೆ ರಿಲೀಸ್ ಬೇರಿಂಗೇ ಸವೆದಿದೆ. ಪೆಡಲ್ ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಬಂದರೆ ತೊಂದರೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್‌ನದ್ದು. ಈ ವ್ಯತ್ಯಾಸ ತಿಳಿದು ಗ್ಯಾರೇಜಿಗೆ ಹೋದರೆ ಮಾತುಕತೆ ಸುಲಭ.

ಬೈಕಿನ ಸ್ಟ್ಯಾಂಡ್ ಸ್ಪ್ರಿಂಗ್ ವಿಷಯ. ನಿಮ್ಮ ಅಕ್ಕನ ಮಗನ ಮೇಲೆ ಬೇಸರ ಬೇಡ, ಹಳ್ಳಿಗಳಲ್ಲಿ ಈ ಉಪಾಯ ತುಂಬಾ ಜನ ಮಾಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಬೈಕಿನ ಸ್ಟ್ಯಾಂಡ್ ಭಾರವಾದ ಕಬ್ಬಿಣ. ಗುಂಡಿ ರಸ್ತೆಯಲ್ಲೂ ಅದು ಕೆಳಗೆ ಬೀಳದಂತೆ ಹಿಡಿಯಬೇಕು, ಹಾಗಾಗಿ ಆ ಸ್ಪ್ರಿಂಗ್ ತುಂಬಾ ಬಿಗಿ. ಕ್ಲಚ್ ಪೆಡಲ್‌ಗೆ ಬೇಕಾದ್ದು ಪೆಡಲ್‌ನ ತೂಕ ಎತ್ತುವಷ್ಟು ಮಾತ್ರ. ಬಿಗಿ ಸ್ಪ್ರಿಂಗ್ ಹಾಕಿದರೆ ಪ್ರತಿ ಸಲ ಕ್ಲಚ್ ಒತ್ತುವಾಗ ನಿಮ್ಮ ಮೊಣಕಾಲು ಅದರ ವಿರುದ್ಧವೂ ಹೋರಾಡಬೇಕು. ಪೆಡಲ್ ಬ್ರಾಕೆಟ್‌ನ ತೆಳು ತಗಡು ಎಳೆತಕ್ಕೆ ಬಾಗಬಹುದು, ಬೆಸುಗೆ ಬಿರುಕು ಬಿಡಬಹುದು. ಕೊಕ್ಕೆಯ ಅಳತೆ ಹೊಂದದಿದ್ದರೆ ಅದು ಕಳಚಿ ನಾನು ಮೊದಲು ಹೇಳಿದ ಅದೇ ಜಾಗಕ್ಕೆ, ಬ್ರೇಕ್ ಪೆಡಲ್ ಬುಡಕ್ಕೆ ಬೀಳುತ್ತದೆ. ಟ್ಯೂಬಿನ ರಬ್ಬರ್ ಕತ್ತರಿಸಿ ಕಟ್ಟುವುದು, ಲಗೇಜ್ ಕಟ್ಟುವ ಎಲಾಸ್ಟಿಕ್ ಹಗ್ಗವನ್ನು ಡ್ಯಾಶ್‌ಬೋರ್ಡ್ ಕೆಳಗಿನ ವೈರಿಂಗ್‌ಗೆ ಸಿಕ್ಕಿಸುವುದು, ಇವೂ ಬೇಡ. ವೈರ್ ಕಿತ್ತು ಬಂದರೆ ಹೊಸ ತಲೆನೋವು.

ಇನ್ನೊಂದು ರಿಪೇರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ನೋಡಲು ಬುದ್ಧಿವಂತಿಕೆಯ ಕೆಲಸದ ಹಾಗೆ ಕಾಣುತ್ತದೆ. ಮುರಿದ ಸ್ಪ್ರಿಂಗ್‌ನ ಕೊನೆಯ ಸುತ್ತನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಬಗ್ಗಿಸಿ, ಹೊಸ ಕೊಕ್ಕೆ ಮಾಡಿಕೊಡುತ್ತಾರೆ. ಸ್ಪ್ರಿಂಗ್ ಉಕ್ಕಿಗೆ ಅದರ ಗುಣ ಬರುವುದೇ ಅದನ್ನು ಹದ ಮಾಡಿದ ರೀತಿಯಿಂದ. ಕೆಂಪಗೆ ಕಾಯಿಸಿದ ಜಾಗದಲ್ಲಿ ಆ ಹದ ಹೋಗುತ್ತದೆ. ಅಲ್ಲಿ ಅದು ಮೆತ್ತಗಾಗಿ ಬಾಗುತ್ತದೆ, ನೀರು ಹಾಕಿ ಒಮ್ಮೆಲೇ ತಣಿಸಿದರೆ ಪೆಡಸಾಗಿ ಮುರಿಯುತ್ತದೆ. ಜೊತೆಗೆ ಒಂದು ಸುತ್ತು ಕಡಿಮೆಯಾದ ಸ್ಪ್ರಿಂಗ್ ಮೊದಲಿಗಿಂತ ಬಿಗಿ. ಸುತ್ತು ಕಡಿಮೆಯಾದಷ್ಟೂ ಅದನ್ನು ಅಷ್ಟೇ ದೂರ ಎಳೆಯಲು ಹೆಚ್ಚು ಬಲ ಬೇಕು. ಉದ್ದವೂ ಕಡಿಮೆಯಾಗಿರುವುದರಿಂದ ಸಿಕ್ಕಿಸಿದಾಗಲೇ ಅತಿಯಾಗಿ ಎಳೆದು ನಿಂತಿರುತ್ತದೆ. ಮತ್ತೆ ಮುರಿಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ಅಂದಹಾಗೆ ಅದು ಮುರಿದದ್ದು ಯಾಕೆ? ಕೊಕ್ಕೆಯಲ್ಲೇ ಮುರಿದಿದೆ ಎಂದಿದ್ದೀರಿ. ಹೆಚ್ಚಿನವು ಅಲ್ಲೇ ಮುರಿಯುತ್ತವೆ. ಸುರುಳಿಯಿಂದ ಕೊಕ್ಕೆ ತಿರುಗುವ ಆ ಮೂಲೆಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆಯೇ ಇದೂ, ಆದರೆ ವರ್ಷಗಟ್ಟಲೆ, ಲಕ್ಷಗಟ್ಟಲೆ ಸಲ ಕ್ಲಚ್ ಒತ್ತಿದ ಮೇಲೆ. ನಿಮ್ಮ ಕಡೆ ಇದಕ್ಕೆ ಮಳೆಯೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಚಪ್ಪಲಿ, ಒದ್ದೆ ಮ್ಯಾಟ್, ಕಿಟಕಿ ಏರಿಸಿ ನಿಲ್ಲಿಸಿದ ಕಾರು. ಒಳಗಿನ ತೇವ ಹೊರಗೆ ಹೋಗುವುದೇ ಇಲ್ಲ. ಕೊಕ್ಕೆ ಉಜ್ಜುವ ಜಾಗದಲ್ಲಿ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಸಣ್ಣ ಕುಳಿಯಿಂದ ಬಿರುಕು ಶುರುವಾಗುತ್ತದೆ. ಮುರಿದ ತುಂಡಿನ ತುದಿ ನೋಡಿ. ಅರ್ಧ ಭಾಗ ಕಪ್ಪಾಗಿ ಅಥವಾ ಕಂದಾಗಿ, ಉಳಿದರ್ಧ ಹೊಳೆಯುತ್ತಿದ್ದರೆ ಬಿರುಕು ಹಳೆಯದು, ಕೊನೆಗೆ ಉಳಿದಿದ್ದ ಸ್ವಲ್ಪ ಭಾಗ ಅವತ್ತು ‘ಟಣ್’ ಎಂದಿತು. ಅದು ವಯಸ್ಸಿನ ಸಾವು, ಯಾರ ತಪ್ಪೂ ಅಲ್ಲ.

ಪೂರ್ತಿ ಹೊಳೆಯುತ್ತಿದ್ದರೆ ಮಾತ್ರ ಬೇರೇನೋ ಎಳೆದಿದೆ ಎಂದು ಅನುಮಾನಿಸಿ. ಪೆಡಲ್ ತಿರುಗುವ ಬುಷ್ (ಶಾಫ್ಟ್ ಸುತ್ತಲಿನ ಉಂಗುರ) ಸವೆದು ಪೆಡಲ್ ಅಡ್ಡಡ್ಡ ಅಲ್ಲಾಡುತ್ತಿದ್ದರೆ ಸ್ಪ್ರಿಂಗ್ ಓರೆಯಾಗಿ ಎಳೆಯಲ್ಪಡುತ್ತದೆ. ಪೆಡಲನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಕೇಬಲ್ ಒಣಗಿ ಬಿಗಿಯಾಗಿದ್ದರೂ ಅದರ ಕೆಲಸವನ್ನೂ ಈ ಬಡಪಾಯಿ ಸ್ಪ್ರಿಂಗೇ ಮಾಡಬೇಕಾಗುತ್ತದೆ. ಇದನ್ನು ಮೆಕ್ಯಾನಿಕ್ ನೋಡಬೇಕು. ಗೇರ್ ಬಾಕ್ಸ್ ಕಡೆ ಕೇಬಲ್ ಕಳಚಿ, ಒಳಗಿನ ತಂತಿಯನ್ನು ಕೈಯಿಂದ ಎಳೆದು ಬಿಟ್ಟು ನೋಡಿದರೆ ಸಲೀಸಾಗಿ ಜಾರಬೇಕು. ಕಚ್ಚುತ್ತಿದ್ದರೆ, ಒಂದೆರಡು ಎಳೆ ಬಿಚ್ಚಿಕೊಂಡಿದ್ದರೆ, ಸ್ಪ್ರಿಂಗ್ ಜೊತೆ ಕೇಬಲನ್ನೂ ಬದಲಿಸಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬದಲಿಸಿಲ್ಲ ಎಂದಾದರೆ ನೋಡುವ ಮೊದಲೇ ಬದಲಿಸಿ ಎನ್ನುತ್ತೇನೆ. ಘಾಟಿಯಲ್ಲಿ ಕೇಬಲ್ ತುಂಡಾದರೆ ಅದು ಸ್ಪ್ರಿಂಗ್ ಮುರಿದಂತಲ್ಲ, ಕಾರು ಅಲ್ಲೇ ನಿಲ್ಲುತ್ತದೆ.

ಹೊಸ ಸ್ಪ್ರಿಂಗ್ ತರುವಾಗ ನಿಮ್ಮ ಆರ್‌ಸಿಯಲ್ಲಿರುವ 17 ಅಕ್ಷರ, ಅಂಕಿಗಳ ಚಾಸಿ ನಂಬರ್ ತೆಗೆದುಕೊಂಡು ಹೋಗಿ. ಒಂದೇ ಹೆಸರಿನ ಕಾರಿನಲ್ಲಿ ವರ್ಷ ಬದಲಾದಂತೆ ಪೆಡಲ್ ಬ್ರಾಕೆಟ್ ಬದಲಾಗಿರುತ್ತದೆ. ಎತ್ತಿಟ್ಟ ತುಂಡುಗಳನ್ನು ಕೌಂಟರ್ ಮೇಲೆ ಇಟ್ಟು ತಂತಿಯ ದಪ್ಪ, ಸುತ್ತುಗಳ ಲೆಕ್ಕ, ಕೊಕ್ಕೆ ಯಾವ ಕಡೆ ತಿರುಗಿದೆ ಎಂದು ಹೋಲಿಸಿ. ಚಿಕ್ಕ ಕಾರುಗಳಿಗೆ ಇದರ ಬೆಲೆ ಹೆಚ್ಚೆಂದರೆ ನೂರರ ಲೆಕ್ಕ. ಕ್ಲಚ್ ಸೆಟ್ ಆದರೆ ಕೂಲಿ ಸೇರಿ ಸಾವಿರಗಳ ಲೆಕ್ಕ. ಕೆಲವು ಕಾರುಗಳಿಗೆ ಸ್ಪ್ರಿಂಗ್ ಬಿಡಿಯಾಗಿ ಕೊಡುವುದಿಲ್ಲ, ಪೆಡಲ್ ಸಮೇತವೇ ಕೊಳ್ಳಬೇಕು ಎನ್ನುತ್ತಾರೆ. ಹಾಗಾದರೆ ಶಿವಮೊಗ್ಗದ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ, ಬೆಂಗಳೂರಿನಲ್ಲಿ ನೆಂಟರಿದ್ದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಲು ಹೇಳಿ. ಗುಜರಿಯಿಂದ ಪೆಡಲ್ ಸೆಟ್ ತರುವುದೂ ಒಂದು ದಾರಿ. ಬ್ರಾಕೆಟ್, ಪೆಡಲ್ ಗುಜರಿಯದ್ದಾದರೂ ನಡೆಯುತ್ತದೆ, ಆದರೆ ಅದರಲ್ಲಿರುವ ಸ್ಪ್ರಿಂಗ್‌ಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ ಎಂಬುದು ನೆನಪಿರಲಿ.

ಹಾಕುವ ಕೆಲಸ ಕಷ್ಟವಲ್ಲ, ಜಾಗ ಇಕ್ಕಟ್ಟು ಅಷ್ಟೇ. ನೀವೇ ಮಾಡುವುದಾದರೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ತಲೆ ಕೆಳಗೆ ಮಾಡಿ ಮಲಗಿ ಸ್ಪ್ರಿಂಗ್ ಎಳೆಯುವಾಗ ಅದು ಜಾರಿದರೆ ನೇರ ಮುಖಕ್ಕೇ ಬರುತ್ತದೆ. ಸುರುಳಿ ಸ್ಪ್ರಿಂಗ್ ಆದರೆ ಬೈಕ್ ಮೆಕ್ಯಾನಿಕ್‌ಗಳ ಒಂದು ಉಪಾಯ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಪ್ರಿಂಗನ್ನು ಒಂದು ಕಡೆಗೆ ಬಗ್ಗಿಸಿ ತೆರೆದ ಸುತ್ತುಗಳ ನಡುವೆ ವಾಷರ್‌ಗಳನ್ನು ತೂರಿಸುತ್ತಾ ಹೋಗಿ. ಅದು ಉದ್ದವಾಗಿ ನಿಲ್ಲುತ್ತದೆ. ಎರಡೂ ಕೊಕ್ಕೆ ಸಲೀಸಾಗಿ ಸಿಕ್ಕಿಸಿ, ಆಮೇಲೆ ಪೆಡಲ್ ಒತ್ತಿ ವಾಷರ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಎಷ್ಟು ಹಾಕಿದ್ದಿರೋ ಅಷ್ಟೂ ವಾಪಸ್ ಬಂದವಾ ಎಣಿಸಿ. ಕೊಕ್ಕೆ ಕೂರುವ ಜಾಗಕ್ಕೂ ಪೆಡಲ್‌ನ ಬುಷ್‌ಗೂ ಸ್ವಲ್ಪ ಗ್ರೀಸ್ ಹಚ್ಚಿ. ಆದರೆ ಕೇಬಲ್ ಒಳಗೆ ಎಣ್ಣೆ ಬಿಡಬೇಡಿ. ಈಗಿನ ಹೆಚ್ಚಿನ ಕೇಬಲ್‌ಗಳ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ.

ನಿಮ್ಮ ಕಾರಿನಲ್ಲಿ ಸ್ಪ್ರಿಂಗ್ ಪೆಡಲ್‌ನ ಶಾಫ್ಟ್‌ಗೆ ಸುತ್ತಿಕೊಂಡ ಬಗೆಯದ್ದಾದರೆ ಮಾತ್ರ ನೀವು ಕೈ ಹಾಕಬೇಡಿ. ಅದಕ್ಕೆ ಶಾಫ್ಟ್ ಬಿಚ್ಚಬೇಕು, ಕೆಲವೊಮ್ಮೆ ಬ್ರೇಕ್ ಪೆಡಲ್ ಕೂಡ ಅದೇ ಶಾಫ್ಟ್ ಮೇಲೆ ಕೂತಿರುತ್ತದೆ. ಬ್ರೇಕ್ ಬಿಚ್ಚಿ ಜೋಡಿಸುವ ಕೆಲಸ ಮೆಕ್ಯಾನಿಕ್ ಮಾಡಲಿ.

ಸ್ಪ್ರಿಂಗ್ ಕೂತ ಮೇಲೆ ಫ್ರೀ ಪ್ಲೇಯನ್ನು ಸ್ಕೇಲ್ ಇಟ್ಟು ಅಳೆಸಿ, ಹೊಂದಾಣಿಕೆ ಕದಲದಂತೆ ಹಿಡಿಯುವ ಲಾಕ್ ನಟ್ ಬಿಗಿ ಮಾಡಿಸಿ. ಕಡಿಮೆಯಾದರೆ ಪ್ಲೇಟ್ ಜಾರುತ್ತದೆ ಎಂದು ನೋಡಿದೆವು. ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಹಾಕುವಾಗ ‘ಕರ್ರ್’ ಎಂದು ಹಲ್ಲು ಉಜ್ಜುತ್ತದೆ. ಗ್ಯಾರೇಜ್ ಬಿಡುವ ಮೊದಲು ನಾಲ್ಕೈದು ಸಲ ರಿವರ್ಸ್ ಹಾಕಿ ನೋಡಿಬಿಡಿ.

ಈಗ ಮಣಿಪಾಲದ ವಿಷಯ. ಕೇಬಲ್ ಈಗಿರುವ ಹಾಗೇ ಇಟ್ಟುಕೊಂಡು ಅಮ್ಮನನ್ನು ಕರೆದುಕೊಂಡು ಘಾಟಿ ಇಳಿಯಬೇಡಿ. ದಯವಿಟ್ಟು ಬೇಡ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಇಳಿಯುವಾಗ ನೀವು ಬ್ರೇಕ್ ಒಂದನ್ನೇ ನಂಬುವುದಿಲ್ಲ, ಎರಡನೆಯ ಗೇರ್‌ನಲ್ಲಿಟ್ಟು ಎಂಜಿನ್ ಹಿಡಿತದ ಮೇಲೆ ಇಳಿಯುತ್ತೀರಿ. ಕ್ಲಚ್ ಅರ್ಧ ಜಾರುತ್ತಿದ್ದರೆ ಆ ಹಿಡಿತ ಕೈಕೊಡಬಹುದು, ಭಾರವೆಲ್ಲ ಬ್ರೇಕ್ ಮೇಲೆ ಬಿದ್ದು ಅದು ಕಾಯುತ್ತದೆ. ಸಂಜೆ ವಾಪಸ್ ಹತ್ತುವಾಗ ತಿರುವಿನಲ್ಲಿ ಎದುರಿಗೆ ಬಸ್ ಬಂತು, ನಿಂತಿರಿ, ಮತ್ತೆ ಮೊದಲ ಗೇರ್‌ನಲ್ಲಿ ಹೊರಡಬೇಕು. ಜಾರುವ ಕ್ಲಚ್ ಸುಡುವುದು ಅಲ್ಲೇ. ಮಳೆ, ಮಂಜು ಇದ್ದರೆ ವಯಸ್ಸಾದವರನ್ನು ಕೂರಿಸಿಕೊಂಡು ಅಲ್ಲಿ ನಿಲ್ಲುವ ಪರಿಸ್ಥಿತಿ ಬರಬಾರದು.

ಕೇಬಲ್ ಸಡಿಲ ಮಾಡಿಸಿ, ಪ್ಲೇಟ್ ಜಾರುತ್ತಿಲ್ಲ ಎಂದು ಖಾತ್ರಿಯಾಗಿ, ಸ್ಪ್ರಿಂಗ್ ಮಾತ್ರ ಸಿಕ್ಕಿಲ್ಲ ಎಂದಾದರೆ? ಊರೊಳಗೆ, ಶಿವಮೊಗ್ಗದವರೆಗೆ ಸ್ಪ್ರಿಂಗ್ ತರಲು ಹೋಗಬಹುದು. ಮುರಿದ ತುಂಡುಗಳನ್ನು ತೆಗೆದಿರಬೇಕು, ಡ್ರೈವರ್ ಕಡೆಯ ಮ್ಯಾಟ್ ತೆಗೆದಿಟ್ಟಿರಬೇಕು, ಏಕೆಂದರೆ ಜೋತುಬಿದ್ದ ಪೆಡಲ್ ಮಡಚಿದ ಮ್ಯಾಟ್‌ಗೆ ಬೇಗ ಸಿಕ್ಕಿಕೊಳ್ಳುತ್ತದೆ. ಓಡಿಸುತ್ತಾ ಕಾಲ್ಬೆರಳಿನಿಂದ ಪೆಡಲ್ ಎತ್ತುವ ಅಭ್ಯಾಸ ಬೇಡ. ಕಣ್ಣು ರಸ್ತೆ ಬಿಟ್ಟು ಕೆಳಗೆ ಹೋಗುತ್ತದೆ, ಪಾದ ಪೆಡಲ್ ಅಡಿ ಸಿಕ್ಕಿಕೊಳ್ಳುತ್ತದೆ. ಘಾಟಿಗೆ ಮಾತ್ರ ಆಗಲೂ ಬೇಡ ಎನ್ನುತ್ತೇನೆ. ಒಂದು ಸಲ ಬಸ್ಸಿನಲ್ಲೋ ಬಾಡಿಗೆ ಕಾರಿನಲ್ಲೋ ಹೋಗಿ ಬನ್ನಿ.

ಮಗಳು ಕಲಿಯುವುದನ್ನೂ ಅಲ್ಲಿಯವರೆಗೆ ನಿಲ್ಲಿಸಿ. ಅವಳ ಸುರಕ್ಷತೆ ಒಂದು ಕಾರಣ. ಇನ್ನೊಂದು, ಕಲಿಯುವವರ ಕಾಲಿಗೆ ಪೆಡಲ್ ಎಲ್ಲಿಂದ ಭಾರವಾಗುತ್ತದೆ, ಎಲ್ಲಿ ಕಾರು ಹೊರಡುತ್ತದೆ ಎಂಬ ನೆನಪು ಕೂರಬೇಕು. ಜೋತುಬಿದ್ದ ಪೆಡಲ್‌ನಲ್ಲಿ ಕಲಿತರೆ ತಪ್ಪು ನೆನಪು ಕೂರುತ್ತದೆ. ಹೊಸ ಸ್ಪ್ರಿಂಗ್ ಬಂದ ಮೇಲೆ ಅವಳಿಗೆ ಮೊದಲ ದಿನವೇ ಹೇಳಿಕೊಡಿ, ಗೇರ್ ಬದಲಿಸಿದ ಮೇಲೆ ಎಡಗಾಲು ಪೆಡಲ್ ಮೇಲೆ ಇರಬಾರದು, ಪಕ್ಕಕ್ಕೆ ಇಡಬೇಕು. ಕಾಲಿನ ತೂಕವೂ ಬಿಗಿ ಕೇಬಲ್ ಮಾಡುವ ಕೆಲಸವನ್ನೇ ಮಾಡುತ್ತದೆ.

ನಿಮ್ಮ ಪ್ರಶ್ನೆ ಓದಿ ಬೇರೆ ಕಾರಿನವರು ಗೊಂದಲ ಮಾಡಿಕೊಳ್ಳಬಾರದು ಎಂದು ಒಂದು ಮಾತು. ಇಲ್ಲಿ ಹೇಳಿದ್ದು ಆಲ್ಟೋ, ವ್ಯಾಗನ್ ಆರ್, ಓಮ್ನಿ ತರಹದ ಕೇಬಲ್ ಕ್ಲಚ್ ಕಾರುಗಳಿಗೆ. ಇನ್ನೋವಾ, ಬೊಲೆರೊ, ಪೋಲೊ ತರಹದ, ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್‌ನಲ್ಲಿ ಪೆಡಲ್ ಕೆಳಗೇ ಉಳಿದರೆ ಮೊದಲ ಅನುಮಾನ ಸ್ಪ್ರಿಂಗ್ ಮೇಲಲ್ಲ, ಎಣ್ಣೆಯ ಮೇಲೆ. ಪೆಡಲ್ ಕಡೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಅಥವಾ ಗೇರ್ ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು. ಹಲವು ಕಾರುಗಳಲ್ಲಿ ಕ್ಲಚ್ ಮತ್ತು ಬ್ರೇಕ್‌ಗೆ ಒಂದೇ ಎಣ್ಣೆ ಡಬ್ಬಿ. ಅದರಲ್ಲಿ ಮಟ್ಟ ಇಳಿಯುತ್ತಿದ್ದರೆ ಒಂದು ದಿನವೂ ಮುಂದೂಡಬೇಡಿ. ಹೈಡ್ರಾಲಿಕ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯ ಪೆಡಲ್ ಸ್ಪ್ರಿಂಗ್ ಇದೆ. ಅದು ಮೇಲೆ ಇರುವಾಗ ಪೆಡಲನ್ನು ಮೇಲಕ್ಕೆ ತಳ್ಳುತ್ತದೆ, ಒತ್ತುತ್ತಾ ಅರ್ಧ ದಾಟಿದ ಮೇಲೆ ನಿಮ್ಮ ಜೊತೆ ಸೇರಿ ಕೆಳಕ್ಕೆ ತಳ್ಳುತ್ತದೆ. ಅದು ಮುರಿದರೆ ಪೆಡಲ್ ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಅದು ತುಂಬಾ ಬಲವಾಗಿ ಅದುಮಿಟ್ಟ ಸ್ಪ್ರಿಂಗ್, ಮನೆಯಲ್ಲಿ ಬಿಚ್ಚುವ ವಸ್ತು ಖಂಡಿತ ಅಲ್ಲ. ಪೆಡಲ್ ಮೇಲೆ ಸ್ವಿಚ್ ಇರುವ ಹೊಸ ಕಾರುಗಳಲ್ಲಿ ಪೆಡಲ್ ಪೂರ್ತಿ ಮೇಲೆ ಬಾರದಿದ್ದರೆ ಕಂಪ್ಯೂಟರ್ ಕ್ಲಚ್ ಒತ್ತಿದೆ ಎಂದೇ ತಿಳಿಯಬಹುದು. ಕ್ರೂಸ್ ಕಂಟ್ರೋಲ್ ಹಿಡಿಯದಿರುವುದಕ್ಕೆ ಕೆಲವೊಮ್ಮೆ ಇದೇ ಕಾರಣ.

ಇನ್ನು ನಿಮ್ಮ ಪರೀಕ್ಷೆಯಲ್ಲಿ ಪ್ಲೇಟ್ ಜಾರುತ್ತಿದೆ ಎಂದೇ ಬಂದರೆ, ಗೇರ್ ಬಾಕ್ಸ್ ಇಳಿಸುವಾಗ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಒಂದನ್ನು ಉಳಿಸಿದರೆ ಅದಕ್ಕಾಗಿ ಮತ್ತೆ ಅಷ್ಟೇ ಕೂಲಿ ಕೊಡಬೇಕಾಗುತ್ತದೆ. ಎಂಜಿನ್ ಹಿಂಭಾಗದ ಆಯಿಲ್ ಸೀಲ್ ಸೋರುತ್ತಿದೆಯಾ ನೋಡಲು ಹೇಳಿ. ಹಳೆಯ ಪ್ಲೇಟನ್ನು ನಿಮಗೆ ತೋರಿಸಲು ಕೇಳಿ, ರಿವೆಟ್ ತಲೆಗಳಿಗೂ ಪ್ಲೇಟ್‌ನ ಮೇಲ್ಮೈಗೂ ನಡುವೆ ಎಷ್ಟು ಆಳ ಉಳಿದಿದೆ ಎಂದು ಬೆರಳಿನಿಂದಲೇ ಗೊತ್ತಾಗುತ್ತದೆ. ಆ ಕೆಲಸ ಮಾಡಿಸಿದರೂ ಪೆಡಲ್ ಸ್ಪ್ರಿಂಗ್ ಬೇರೆಯಾಗಿಯೇ ಹೇಳಿ ಹಾಕಿಸಬೇಕು. ಕ್ಲಚ್ ಸೆಟ್‌ನ ಡಬ್ಬದಲ್ಲಿ ಅದು ಬರುವುದಿಲ್ಲ.